ಹಳೆಯ ಮಾವಿನ ತಳಿಗಳಿಗೊಂದು ತೋಟ: ಕಸಿ ಕಡ್ಡಿಯಿಂದ ನಂಬರು ಕಲ್ಲಿನವರೆಗೆ

ನಮ್ಮ ಹೆಚ್ಚಿನ ಮಾವಿನ ತಳಿಗಳನ್ನು ವಾಟೆಯಲ್ಲಿ ಕಾಪಿಡಲು ಆಗುವುದಿಲ್ಲ. ರಸಪುರಿ ವಾಟೆ ಹಾಕಿದರೆ ಹುಟ್ಟುವುದು ರಸಪುರಿಯ ಮಗು, ರಸಪುರಿ ಅಲ್ಲ. ಜೊತೆಗೆ ಮಾವಿನ ಬೀಜ ಪೂರ್ತಿ ಒಣಗಿದರೆ ಸತ್ತೇಹೋಗುತ್ತದೆ, ರಾಗಿ ಭತ್ತದ ಹಾಗೆ ಒಣಗಿಸಿ ಶೀತಕೋಣೆಯಲ್ಲಿ ಇಡುವಂತಿಲ್ಲ. ಆದ್ದರಿಂದ ತಳಿ ಉಳಿಯಬೇಕಾದರೆ ಕಸಿ ಮಾಡಿದ ಮರವೇ ನಿಂತಿರಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ (1967ರಲ್ಲಿ ಶುರುವಾದದ್ದು) ಮಾವಿನ ತಳಿ ಸಂಗ್ರಹ ಇರುವುದು ಹೀಗೆ, ಮರಗಳ ರೂಪದಲ್ಲೇ. ಇಂಗ್ಲೆಂಡಿನ ಕೆಂಟ್‌ನಲ್ಲಿರುವ ಬ್ರಾಗ್‌ಡೇಲ್‌ನ ರಾಷ್ಟ್ರೀಯ ಹಣ್ಣಿನ ಸಂಗ್ರಹವೂ ಅಷ್ಟೇ: ಎರಡು ಸಾವಿರಕ್ಕೂ ಹೆಚ್ಚು ಸೇಬಿನ ತಳಿ, ಐನೂರರ ಆಸುಪಾಸಿನಲ್ಲಿ ಮರಸೇಬು, ಸಾಮಾನ್ಯವಾಗಿ ತಳಿಗೆ ಎರಡೆರಡು ಮರ.

ಆದರೆ ಸೇಬಿನವರಿಗಿರುವ ಒಂದು ಅನುಕೂಲ ನಮಗಿಲ್ಲ. ಚಳಿಗಾಲದಲ್ಲಿ ಸೇಬಿನ ಮರ ಎಲೆ ಉದುರಿಸಿ ಮಲಗುತ್ತದೆ. ಆಗ ಕಸಿ ಕಟ್ಟಲೆಂದು ಕತ್ತರಿಸಿದ ಕಡ್ಡಿಯನ್ನು, ಅಂದರೆ ರೆಂಬೆಯ ತುಂಡನ್ನು, ಫ್ರಿಜ್‌ನಲ್ಲಿ ಎರಡು ಮೂರು ತಿಂಗಳು ಇಡಬಹುದು, ಮೊಗ್ಗುಗಳನ್ನು ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುವ ಪದ್ಧತಿಯೂ ಇದೆ. ಮಾವು ಮಲಗುವುದಿಲ್ಲ. ಇವತ್ತು ಕತ್ತರಿಸಿದ ಕಡ್ಡಿಗೆ ನಾಲ್ಕೈದು ದಿನ ಆಯುಸ್ಸು, ಅದೂ ತೇವದಲ್ಲಿ ಸುತ್ತಿಟ್ಟರೆ. ಮುಂದೆ ಹೇಳುವ ವೇಳಾಪಟ್ಟಿ ಎಲ್ಲ ಈ ನಾಲ್ಕೈದು ದಿನಕ್ಕೆ ಹೊಂದಿಸಿದ್ದು. ರಾಮನಗರ, ಕನಕಪುರ, ಹೊಸಕೋಟೆ, ಚಿಂತಾಮಣಿ ಕಡೆ ಅರ್ಧ ಎಕರೆಯಿಂದ ಒಂದು ಎಕರೆ ಜಾಗ, ಬೇಸಿಗೆಗೆ ನೀರು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಮನೆ ತಾರಸಿಯ ಕುಂಡಗಳಲ್ಲಿ ತಳಿ ಸಂಗ್ರಹ ಮಾಡುತ್ತೇನೆ ಎನ್ನುವವರಿಗೆ ಇದು ಉಪಯೋಗವಿಲ್ಲ.

ಜಾಗದ ಲೆಕ್ಕ

ಹತ್ತು ಮೀಟರ್ ಅಂತರದ ಹಳೆಯ ಕ್ರಮದಲ್ಲಿ ಗುಂಟೆಗೆ ಒಂದು ಮರ. ತಳಿ ತೋಟಕ್ಕೆ ಇಳುವರಿ ಮುಖ್ಯವಲ್ಲ, ಕಡ್ಡಿ ಮತ್ತು ಗುರುತು ಹಿಡಿಯಲು ಬೇಕಾದಷ್ಟು ಹಣ್ಣು ಸಿಕ್ಕರೆ ಸಾಕು. ಹಾಗಾಗಿ 5 ಮೀ × 5 ಮೀ ಅಂತರ ಕೊಟ್ಟು, ಪ್ರತಿವರ್ಷ ಕೊಯ್ಲಾದ ಮೇಲೆ ಸವರಿ ಮರವನ್ನು 3 ಮೀಟರ್ ಎತ್ತರದೊಳಗೆ ಇಡಿ. ಗುಂಟೆಗೆ ನಾಲ್ಕು ಮರ ಬರುತ್ತವೆ. ತಳಿಗೆ ಎರಡರಂತೆ ಎಕರೆಗೆ 80 ತಳಿ ಎಂಬುದು ಕಾಗದದ ಲೆಕ್ಕ. ಬೇಲಿ, ದಾರಿ, ಬೋರ್‌ವೆಲ್ಲಿನ ಸುತ್ತ ಬಿಟ್ಟ ಜಾಗ ಕಳೆದರೆ 60 ಸಿಕ್ಕೀತು. ಮೊದಲ ಎರಡು ವರ್ಷ 20ಕ್ಕಿಂತ ಹೆಚ್ಚು ತಳಿಗೆ ಕೈ ಹಾಕಬೇಡಿ. ಒಮ್ಮೆಲೇ ಅರವತ್ತು ತಂದು ನೆಟ್ಟ ತೋಟಗಳಲ್ಲಿ ಯಾವುದು ಯಾವುದೆಂದು ಗೊತ್ತಿಲ್ಲದ ಮರಗಳೇ ಹೆಚ್ಚು ಉಳಿಯುತ್ತವೆ, ಮತ್ತು ಹೆಸರು ಕಳೆದುಕೊಂಡ ಮರ ಸಂಗ್ರಹದ ಮಟ್ಟಿಗೆ ಸತ್ತ ಮರಕ್ಕೆ ಸಮ.

ಒಂದೇ ತಳಿಯ ಎರಡು ಮರಗಳನ್ನು ಅಕ್ಕಪಕ್ಕವೇ ನೆಡಿ. ಬೇರೆ ಬೇರೆ ಮೂಲೆಯಲ್ಲಿ ನೆಟ್ಟರೆ ಕ್ಷೇಮವಲ್ಲವೇ ಎನಿಸಬಹುದು. ಆದರೆ ಪಕ್ಕದಲ್ಲಿದ್ದಾಗ ಒಂದರ ಚಿಗುರು ಕೆಂಪು, ಇನ್ನೊಂದರದು ತಿಳಿ ಹಸಿರು ಎಂದರೆ ಎಲ್ಲೋ ಅದಲು ಬದಲಾಗಿದೆ ಎಂಬುದು ಹಾದುಹೋಗುವಾಗಲೇ ಕಣ್ಣಿಗೆ ಬೀಳುತ್ತದೆ. ಕ್ಷೇಮಕ್ಕೆ ಮೂರನೆಯ ಗಿಡ ಬೇರೆ ಊರಿನಲ್ಲಿರಲಿ. ಒಂದೇ ಮರಕ್ಕೆ ಹತ್ತು ತಳಿ ಕಟ್ಟುವುದು ನೋಡಲು ಚೆನ್ನ, ಸಂಗ್ರಹಕ್ಕೆ ಆಗದು: ಜೋರಾಗಿ ಬೆಳೆಯುವ ಕೊಂಬೆ ಮೆತ್ತನೆಯವನ್ನು ನುಂಗಿಹಾಕುತ್ತದೆ, ಸವರುವವರ ಒಂದೇ ಏಟಿಗೆ ಒಂದು ತಳಿ ಹೋಗುತ್ತದೆ.

ತಾಯಿಮರದ ಹತ್ತಿರ

ಲಾಲ್‌ಬಾಗ್‌ನ ಮಾವು ಮೇಳದಲ್ಲಿ ಬೆಳೆಗಾರರ ಪರಿಚಯ ಮಾಡಿಕೊಳ್ಳಬಹುದು, ಆದರೆ ಅಲ್ಲಿಗೆ ಬರುವುದು ಮಾರಾಟವಾಗುವ ತಳಿಗಳೇ ಹೆಚ್ಚು. ಉಳಿಸಬೇಕಾದವು ಹಿತ್ತಲು, ಬದು, ಕೆರೆ ಅಂಗಳ, ಗುಂಡುತೋಪುಗಳಲ್ಲಿರುತ್ತವೆ. ಹಣ್ಣು ಇರುವಾಗಲೇ, ಅಂದರೆ ಮೇ, ಜೂನ್‌ನಲ್ಲಿ ಒಮ್ಮೆ ಹೋಗಿ. ಹಣ್ಣು ನೋಡದೆ ಕಡ್ಡಿ ತರಬಾರದು.

ಅಲ್ಲಿ ಬರೆದುಕೊಳ್ಳಬೇಕಾದದ್ದು: ಊರು, ಜಿಪಿಎಸ್ ಗುರುತು, ದಿನಾಂಕ, ಮನೆಯವರು ಕರೆಯುವ ಹೆಸರು ಅವರ ಬಾಯಲ್ಲಿ ಬಂದಂತೆಯೇ. ನೀವು ಅದನ್ನು ತಿದ್ದಬೇಡಿ. ತೋತಾಪುರಿಯೇ ಗಿಣಿಮೂತಿ, ಪುಸ್ತಕಗಳಲ್ಲಿ ಅದೇ ಬ್ಯಾಂಗಲೋರಾ. ಬಾದಾಮಿಯೇ ಆಪೂಸ್. ಇದು ಸುಲಭದ ಗೊಂದಲ. ಕಷ್ಟದ್ದು ಇದರ ತಿರುವು: ಸಕ್ಕರೆ ಮಾವು, ಜೀರಿಗೆ ಮಾವು ಎಂಬ ಹೆಸರಿನಲ್ಲಿ ಊರಿಗೊಂದು ಮರ ಇರುತ್ತದೆ, ಒಂದಕ್ಕೊಂದು ಸಂಬಂಧ ಇರುವುದಿಲ್ಲ. ಅದಕ್ಕೇ ಹೆಸರಿನ ಜೊತೆ ಊರನ್ನೂ ಸೇರಿಸಿಡಿ.

ಫೋಟೋಗೆ ಹಣ್ಣನ್ನು ಆರಿಂಚಿನ ಸ್ಕೇಲಿನ ಪಕ್ಕ ಇಟ್ಟು ಮುಂದೆ, ಪಕ್ಕ, ತೊಟ್ಟಿನ ಕಡೆ ಮೂರು ಚಿತ್ರ. ಸೀಳಿ ಒಂದು. ತಿರುಳು ತೆಗೆದು ತೊಳೆದ ವಾಟೆಯದು ಒಂದು, ನಾರು ಎಷ್ಟು, ಯಾವ ಕಡೆ ಎಂದು ಕಾಣುವಂತೆ. ಹತ್ತು ಹಣ್ಣಿನ ಸರಾಸರಿ ತೂಕ, ರಸದ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಬ್ರಿಕ್ಸ್, ಅಂದರೆ ಸಿಹಿಯ ಅಳತೆ. ಎಳೆ ಎಲೆ ಹಿಸುಕಿದಾಗ, ತೊಟ್ಟು ಮುರಿದಾಗ ಬರುವ ಸೊನೆಯ ವಾಸನೆಯನ್ನೂ ಬರೆಯಿರಿ. ಉಪ್ಪಿನಕಾಯಿ ಮಿಡಿ ತಳಿಗಳಲ್ಲಿ ಇದೇ ದೊಡ್ಡ ಗುರುತು, ಫೋಟೋದಲ್ಲಿ ಮಾತ್ರ ಸಿಗುವುದಿಲ್ಲ.

ಇಲ್ಲಿಯೇ ಆ ಮರಕ್ಕೊಂದು ನಂಬರು ಕೊಡಿ. ಆ ನಂಬರು ಮುಂದೆ ಎಂದೂ ಬೇರೆ ಮರಕ್ಕೆ ಹೋಗಬಾರದು, ಈ ಗಿಡ ಸತ್ತರೂ.

ಮರ ತೀರಾ ಹಳೆಯದಾಗಿದ್ದರೆ ಕಡ್ಡಿಗೆ ತಕ್ಕ ಚಿಗುರು ಇರುವುದಿಲ್ಲ. ಮನೆಯವರ ಒಪ್ಪಿಗೆ ಪಡೆದು ಮುಂದಿನ ಫೆಬ್ರವರಿ, ಮಾರ್ಚ್‌ನಲ್ಲಿ ಒಂದೆರಡು ಕೊಂಬೆ ಕತ್ತರಿಸಿ ಬಂದರೆ ಜುಲೈ ಹೊತ್ತಿಗೆ ಬಲಿತ ಹೊಸ ರೆಂಬೆ ಸಿಗುತ್ತದೆ. ಕಡಿದ ತುದಿಗೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 100 ಗ್ರಾಂ ಅರ್ಧ ಲೀಟರ್ ನೀರಿನಲ್ಲಿ, ಸುಣ್ಣ 100 ಗ್ರಾಂ ಇನ್ನರ್ಧ ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲೇ ಕರಗಿಸಿ, ನಂತರ ಒಟ್ಟಿಗೆ ಸುರಿದು ಕಲಸಬೇಕು. ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಪದರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕು. ಅಂದು ಕಲಸಿದ್ದನ್ನು ಅಂದೇ ಖಾಲಿ ಮಾಡಿ.

ಬೇರುಸಸಿ

ಬೇರುಸಸಿ ಎಂದರೆ ಕಸಿ ಕಡ್ಡಿಯನ್ನು ಕೂರಿಸುವ, ಬೇರು ಒದಗಿಸುವ ಸಸಿ. ಅದಕ್ಕೆ ನಾಟಿ ಮಾವಿನ ವಾಟೆಯನ್ನು ಹಣ್ಣು ತಿಂದ ಎರಡು ಮೂರು ವಾರದೊಳಗೆ ಹಾಕಿಬಿಡಿ, ತಡವಾದಷ್ಟೂ ಮೊಳಕೆ ಕಡಿಮೆ. ಮೇಲಿನ ಗಟ್ಟಿ ಸಿಪ್ಪೆ ಸೀಳಿ ಒಳಗಿನ ಬೀಜ ತೆಗೆದು ಹಾಕಿದರೆ ಬೇಗ ಹುಟ್ಟುತ್ತದೆ, ವಾಟೆಹುಳ ಇದ್ದದ್ದೂ ಆಗಲೇ ಗೊತ್ತಾಗುತ್ತದೆ. ಓಲೂರು, ಬಪ್ಪಕಾಯಿಯಂಥ ಕರಾವಳಿಯ ಬಹುಭ್ರೂಣದ (ಒಂದೇ ವಾಟೆಯಿಂದ ಹಲವು ಸಸಿ ಹುಟ್ಟುವ) ತಳಿ ಸಿಕ್ಕರೆ ಇನ್ನೂ ಒಳ್ಳೆಯದು, ಸಸಿಗಳೆಲ್ಲ ಬಹುಮಟ್ಟಿಗೆ ತಾಯಿಮರದಂತೆಯೇ, ಏಕರೂಪ. ಆಗ ಎರಡು ತಳಿಗಳ ನಡುವೆ ಕಾಣುವ ವ್ಯತ್ಯಾಸ ತಳಿಯದೋ ಬೇರಿನದೋ ಎಂಬ ಅನುಮಾನ ಉಳಿಯುವುದಿಲ್ಲ.

ಕೆಮ್ಮಣ್ಣು, ಮರಳು, ಗೊಬ್ಬರ ಸಮಪಾಲು ಹಾಕಿದ ಕವರ್ ಸಾಕು. ಕವರಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇಡಬಾರದು. ತಾಯಿಬೇರು ಕವರಿನ ತಳದಲ್ಲಿ ಸುರುಳಿ ಸುತ್ತಿಕೊಂಡರೆ ನೆಟ್ಟ ಮೇಲೂ ಬಿಚ್ಚಿಕೊಳ್ಳುವುದಿಲ್ಲ, ಐದಾರು ವರ್ಷದ ಮರ ಗಾಳಿಮಳೆಗೆ ಬುಡ ಸಮೇತ ಮಗುಚುತ್ತದೆ. ಕೊಂಡು ತರುವ ಸಸಿಗಳಲ್ಲಿ ಇದನ್ನು ಮೊದಲು ನೋಡಬೇಕು.

ಕಡ್ಡಿ ಮತ್ತು ಕಸಿ

ಬೆಂಗಳೂರಿನ ಸುತ್ತಮುತ್ತ ಮೃದುಕಾಂಡ ಕಸಿಗೆ ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮೂರು ನಾಲ್ಕು ತಿಂಗಳು ಬಲಿತ, ಹೂ ಬಿಡದ, ಪೆನ್ಸಿಲ್ ದಪ್ಪದ ತುದಿ ರೆಂಬೆ ಆರಿಸಿ. ಮರದಲ್ಲಿರುವಾಗಲೇ, ಕಡ್ಡಿ ತೆಗೆಯುವ ಏಳರಿಂದ ಹತ್ತು ದಿನ ಮುಂಚೆ, ಎಲೆಗಳನ್ನು ಕತ್ತರಿಸಿ ತೊಟ್ಟುಗಳನ್ನು ಮಾತ್ರ ಬಿಡಿ. ಹತ್ತು ದಿನಕ್ಕೆ ಆ ತೊಟ್ಟು ಬೆರಳು ತಾಗಿಸಿದರೆ ಉದುರುತ್ತದೆ, ತುದಿಮೊಗ್ಗು ಉಬ್ಬಿ ಹೊಳೆಯುತ್ತಿರುತ್ತದೆ. ಕತ್ತರಿಸಬೇಕಾದದ್ದು ಆಗ. ಮೊಗ್ಗು ಒಡೆದು ಹಸಿರು ಕಂಡಿದ್ದರೆ ತಡವಾಯಿತು.

ಹಳೆಯ ಮರಗಳಲ್ಲಿ ಬಂದಳಿಕೆ (ಮರದ ಮೇಲೇ ಬೆಳೆಯುವ ಪರಾವಲಂಬಿ ಗಿಡ) ಹತ್ತಿರುತ್ತದೆ. ಎಲೆ ಸವರಿದ ಮೇಲೆ ಅದರ ರೆಂಬೆಯೂ ದೂರದಿಂದ ಮಾವಿನದರಂತೆ ಕಂಡೀತು, ದೋಟಿ ಹಾಕುವ ಮುನ್ನ ರೆಂಬೆಯ ಬುಡ ಎಲ್ಲಿ ಸೇರಿದೆ ಎಂದು ನೋಡಿ. ಹೂಗೊಂಚಲು ಗಂಟುಗಂಟಾಗಿ ಮುದ್ದೆಗಟ್ಟುವ ರೋಗ ಇರುವ ಮರದಿಂದ ಕಡ್ಡಿ ಬೇಡ, ರೋಗ ಕಡ್ಡಿಯಲ್ಲೇ ಬರುತ್ತದೆ.

ತಾಯಿಮರಕ್ಕೆ ಹತ್ತು ಕಡ್ಡಿ, 10ರಿಂದ 15 ಸೆಂ.ಮೀ. ಉದ್ದ. ಒದ್ದೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಒಳಗೊಂದು ಹೊರಗೊಂದು ನಂಬರು ಚೀಟಿ. ಪೆನ್ಸಿಲ್‌ನಲ್ಲಿ ಬರೆದದ್ದು ನೀರಿಗೆ ಅಳಿಸುವುದಿಲ್ಲ. ಒಂದು ಚೀಲ ಬಿಚ್ಚಿ, ಅದರ ಹತ್ತೂ ಕಸಿ ಮುಗಿಸಿ, ನಂಬರು ಕಟ್ಟಿದ ಮೇಲೆಯೇ ಇನ್ನೊಂದು ಚೀಲ. ನರ್ಸರಿಯ ಮೇಜಿನ ಮೇಲೆ ಎರಡು ಚೀಲ ಒಟ್ಟಿಗೆ ಬಿಚ್ಚಿದ ಕ್ಷಣವೇ ಹೆಸರು ಅದಲು ಬದಲಾಗುವುದು, ಅದು ಗೊತ್ತಾಗುವುದು ನಾಲ್ಕು ವರ್ಷ ಕಳೆದು ಹಣ್ಣು ಬಿಟ್ಟಾಗ.

ಬೇರುಸಸಿಯನ್ನು ನೆಲದಿಂದ 15ರಿಂದ 20 ಸೆಂ.ಮೀ. ಎತ್ತರದಲ್ಲಿ ಅಡ್ಡ ಕತ್ತರಿಸಿ, ನಡುವೆ 3ರಿಂದ 4 ಸೆಂ.ಮೀ. ಸೀಳಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಇಳಿಜಾರಾಗಿ ಕೆತ್ತಿ ಸೀಳಿನಲ್ಲಿ ಕೂರಿಸಿ. ಕಡ್ಡಿ ಸಣ್ಣದಾದರೆ ನಡುವೆ ಇಡಬೇಡಿ, ಒಂದು ಪಕ್ಕಕ್ಕೆ ಸರಿಸಿ ತೊಗಟೆಗೆ ತೊಗಟೆ ಕೂಡಿಸಿ. ಕೆಳಗಿನಿಂದ ಮೇಲಕ್ಕೆ ಪಾಲಿಥಿನ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಐಸ್ ಕ್ಯಾಂಡಿ ಕವರ್ ಟೋಪಿ ಹಾಕಿ ಬುಡಕ್ಕೆ ಕಟ್ಟಿ ನೆರಳಿನಲ್ಲಿಡಿ. ಎರಡು ಮೂರು ವಾರದಲ್ಲಿ ಚಿಗುರುತ್ತದೆ. ಚಿಗುರು ಕವರಿಗೆ ತಾಗುವ ಮುನ್ನ ಸಂಜೆ ಹೊತ್ತು ಟೋಪಿ ತೆಗೆಯಿರಿ, ಬಿಸಿಲಿಗೆ ಒಂದೇ ದಿನ ಬಿದ್ದರೂ ಒಳಗಿನ ಚಿಗುರು ಬೆಂದುಹೋಗುತ್ತದೆ. ಪಟ್ಟಿ ಬಿಚ್ಚುವುದು ಎರಡು ಮೂರು ತಿಂಗಳಿಗೆ. ಮರೆತರೆ ಕಾಂಡದೊಳಗೆ ಹೂತು, ಗಿಡ ಆ ಜಾಗದಲ್ಲೇ ಮುರಿಯುತ್ತದೆ.

ರಸ್ತೆ ಅಗಲೀಕರಣಕ್ಕೆ ನಾಳೆ ಬೆಳಿಗ್ಗೆ ಮರ ಉರುಳುತ್ತದೆ ಎಂಬ ಸುದ್ದಿ ಬಂದರೆ ಎಲೆ ಸವರಿ ಕಾಯುವ ಮಾತಿಲ್ಲ. ಸಿಕ್ಕ ಬಲಿತ ರೆಂಬೆಗಳ ಎಲೆ ಅಲ್ಲೇ ಕತ್ತರಿಸಿ ತಂದು, ಹತ್ತರ ಬದಲು ಮೂವತ್ತು ಕಸಿ ಕಟ್ಟಿ. ಹಿಡಿಯುವುದು ಕಡಿಮೆ, ಆದರೆ ಎರಡು ಹಿಡಿದರೂ ತಳಿ ಉಳಿಯಿತು.

ನೆಡುವುದು, ಗುರುತು ಹಾಕುವುದು

ಮಳೆ ಹಿಡಿದ ಮೇಲೆ ಮೂರಡಿ ಘನದ ಗುಂಡಿ, 20 ಕೆ.ಜಿ. ಕೊಟ್ಟಿಗೆ ಗೊಬ್ಬರ, ಮೇಲ್ಮಣ್ಣು. ಕಸಿ ಗಂಟು ಮಣ್ಣಿನಿಂದ ಗೇಣುದ್ದ ಮೇಲಿರಲಿ. ಗಂಟಿನ ಕೆಳಗೆ ಒಂದು ಸುತ್ತು ಬಿಳಿ ಬಣ್ಣ ಬಳಿಯಿರಿ. ಆ ಗೆರೆಯ ಕೆಳಗಿನಿಂದ ಬಂದ ಚಿಗುರೆಲ್ಲ ಬೇರುಸಸಿಯದು, ಕಂಡ ದಿನವೇ ಕಿತ್ತುಹಾಕಿ. ಬೇಸಿಗೆಯಲ್ಲಿ ಕಸಿ ಒಣಗಿ, ಕೆಳಗಿನಿಂದ ನಾಟಿ ಚಿಗುರು ಎದ್ದು, ಅದೇ ತಳಿಯೆಂದು ಹತ್ತು ವರ್ಷ ನೀರು ಹಾಕಿಸಿಕೊಂಡ ಮರಗಳು ಎಷ್ಟೋ ಇವೆ.

ಮಾರ್ಕರ್ ಪೆನ್ನಿನ ಬರಹ ಬಿಸಿಲಿಗೆ ಮಾಸುತ್ತದೆ, ಪ್ಲಾಸ್ಟಿಕ್ ಪಟ್ಟಿ ಪುಡಿಯಾಗುತ್ತದೆ, ಕಾಂಡಕ್ಕೆ ಬಿಗಿದ ತಂತಿ ಮರವನ್ನೇ ಕೊಲ್ಲುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿ ಚಪ್ಪರಕ್ಕೆ ಬಳಸುವ ಕಲ್ಲುಕೂಚದ ಮೊಂಡು ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಮರಕ್ಕೊಂದು ಹೂಳಿ, ಎನಾಮಲ್ ಬಣ್ಣದಲ್ಲಿ ನಂಬರು ಬರೆಸಿ. ಮರದಲ್ಲಿ ಸಡಿಲವಾದ ತಂತಿಯಲ್ಲಿ ಅಚ್ಚೊತ್ತಿದ ಅಲ್ಯೂಮಿನಿಯಂ ತಗಡು ಇನ್ನೊಂದು. ಜೊತೆಗೆ ಸಾಲು, ಸ್ಥಾನ ತೋರಿಸುವ ನಕ್ಷೆ ಕಾಗದದಲ್ಲಿ, ಎರಡು ಮನೆಗಳಲ್ಲಿ. ಪ್ರತಿ ಸಾಲಿನ ಮೊದಲ ಗಿಡ ತೋತಾಪುರಿಯಾಗಿರಲಿ. ಆ ಕೊಕ್ಕಿನ ಕಾಯಿ ಯಾರಿಗೂ ಗೊತ್ತಾಗುತ್ತದೆ, ಎಣಿಕೆ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಹೆಸರು ಖಾತ್ರಿಯಾಗುವುದು ಯಾವಾಗ

ಮೊದಲ ಎರಡು ಮೂರು ವರ್ಷದ ಹೂ ಚಿವುಟಿ. ಆಮೇಲೆ ಬಂದ ಮೊದಲ ಕಾಯಿಗಳನ್ನು ನಂಬಬೇಡಿ, ಎಳೆ ಮರದ ಹಣ್ಣಿನ ಗಾತ್ರ, ಆಕಾರ ಹೆಚ್ಚುಕಡಿಮೆ ಇರುತ್ತದೆ. ಎರಡನೆಯ ಅಥವಾ ಮೂರನೆಯ ಫಸಲನ್ನು ತಾಯಿಮರದ ಫೋಟೋ, ವಾಟೆ, ವಾಸನೆಯ ಜೊತೆ ಹೋಲಿಸಿ. ಅಲ್ಲಿಯವರೆಗೆ ಪುಸ್ತಕದಲ್ಲಿ ಹೆಸರಿನ ಮುಂದೆ ಪ್ರಶ್ನೆಚಿಹ್ನೆ ಇರಲಿ. ತಪ್ಪೆಂದು ಗೊತ್ತಾದರೆ ಹಳೆಯ ಹೆಸರನ್ನು ಅಳಿಸದೆ ಗೆರೆ ಎಳೆದು, ದಿನಾಂಕ ಹಾಕಿ ಹೊಸದು ಬರೆಯಿರಿ. ಡಿಎನ್‌ಎ ಪರೀಕ್ಷೆ ಎರಡು ಮರ ಒಂದೇ ತಳಿಯೋ ಬೇರೆಯೋ ಎಂದು ಹೇಳುತ್ತದೆ. ಹೋಲಿಸಲು ಖಚಿತ ಮರ ಇಲ್ಲದಿದ್ದರೆ ಹೆಸರು ಹೇಳುವುದಿಲ್ಲ. ಒಂದೇ ಕೊಂಬೆಯಲ್ಲಿ ಹುಟ್ಟಿದ ಬಣ್ಣದ ವ್ಯತ್ಯಾಸದಂಥವು ಮಾಮೂಲಿ ಡಿಎನ್‌ಎ ಪರೀಕ್ಷೆಗೆ ಸಿಗುವುದೂ ಕಷ್ಟ. ಸೇಬಿನ ಕೆಂಪು ತಳಿಗಳಲ್ಲಿ ಇದು ಹಳೆಯ ತಲೆನೋವು.

ಬೇಗ ಹೂ ಬರಲೆಂದು ಕಲ್ಟಾರ್ (ಬೆಳವಣಿಗೆ ತಡೆಯುವ ರಾಸಾಯನಿಕ) ಹಾಕುವುದು ತಳಿ ತೋಟದಲ್ಲಿ ಬೇಡವೇ ಬೇಡ. ರೆಂಬೆ ಗಿಡ್ಡವಾಗಿ ಕಡ್ಡಿ ಸಿಗುವುದಿಲ್ಲ, ಬರೆದುಕೊಂಡ ಹೂವಿನ ಕಾಲವೂ ತಳಿಯದಾಗಿರುವುದಿಲ್ಲ. ಕಾಂಡದ ಬುಡದಲ್ಲಿ ಮರದ ಹೊಟ್ಟು ಕಂಡರೆ ಕಾಂಡಕೊರಕ ಸೇರಿದೆ: ಸೈಕಲ್ ಕಡ್ಡಿ ತೂರಿಸಿ ಹುಳ ಚುಚ್ಚಿ, ತೂತನ್ನು ಜೇಡಿಮಣ್ಣಿನಿಂದ ಮುಚ್ಚಿ. ಫೆಬ್ರವರಿಯೊಳಗೆ ಒಣಹುಲ್ಲು ಕೊಯ್ದು ಬೇಲಿಯ ಸುತ್ತ ಬೆಂಕಿದಾರಿ ಬಿಡಿ.

ತಳಿ ಸಿಕ್ಕ ಊರಿನ ಪಂಚಾಯಿತಿಯಲ್ಲಿ 2002ರ ಜೀವವೈವಿಧ್ಯ ಕಾಯ್ದೆಯಡಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು, ಮರವನ್ನು ಅದರಲ್ಲಿ ಬರೆಸಿ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಸಂರಕ್ಷಣಾ ಕಾಯ್ದೆಯಡಿ ರೈತರ ತಳಿಯಾಗಿ ನೋಂದಾಯಿಸುವುದಾದರೆ ಅರ್ಜಿ ತಾಯಿಮರದ ಮನೆಯವರ ಹೆಸರಿನಲ್ಲಿರಲಿ, ತೋಟ ಮಾಡಿದವರದಲ್ಲ. ಮೂರನೆಯ ಗಿಡವನ್ನೂ ಮೊದಲು ಅವರಿಗೇ ಕೊಡಿ. ಆಮೇಲೆ ಕೇಳಿದವರಿಗೆಲ್ಲ ಕಡ್ಡಿ ಕೊಡಬಹುದು. ಯಾರಿಗೆ, ಯಾವ ನಂಬರಿನದು, ಯಾವ ತಿಂಗಳು ಎಂದು ಅದೇ ಪುಸ್ತಕದಲ್ಲಿ ಬರೆದಿಟ್ಟರೆ, ನಿಮ್ಮ ಎರಡೂ ಮರ ಹೋದ ವರ್ಷ ವಾಪಸು ಕಡ್ಡಿ ಕೇಳಲು ಎಲ್ಲಿಗೆ ಹೋಗಬೇಕೆಂದು ಗೊತ್ತಿರುತ್ತದೆ.