ಒಂದೊಂದು ಕಾಂಕಾರ್ಡ್‌ನ ಜಾತಕ ಬರೆಯುವ ಬಗೆ

ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಕರನ್ನು ಒಯ್ಯುತ್ತಿದ್ದ ಕಾಂಕಾರ್ಡ್ ವಿಮಾನಗಳ ಇತಿಹಾಸ ದಾಖಲಿಸಲು ಹೊರಟವರು ಹೆಚ್ಚಾಗಿ ಎಡವುವುದು ಮೊದಲ ಹೆಜ್ಜೆಯಲ್ಲೇ. ಹೊರಮೈಮೇಲಿನ ನೋಂದಣಿ ಅಕ್ಷರ ನೋಡಿಕೊಂಡು ಪಟ್ಟಿ ಮಾಡಲು ಕೂರುತ್ತಾರೆ. ಅಕ್ಷರ ಬದಲಾಗುತ್ತದೆ, ಬಣ್ಣವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ತಯಾರಿಕಾ ಸಂಖ್ಯೆ ಮಾತ್ರ. ಪಟ್ಟಿಯ ಮೊದಲ ಕಾಲಂ ಅದಕ್ಕೇ ಮೀಸಲಿಡಿ.

ಹಾರಿದ ಕಾಂಕಾರ್ಡ್‌ಗಳು ಒಟ್ಟು 20, ಹಾಗಾಗಿ 20 ಸಾಲು ಸಾಕು. 001 ಮತ್ತು 002 ಮೂಲಮಾದರಿಗಳು, 101 ಮತ್ತು 102 ಅವುಗಳ ಸುಧಾರಿತ ರೂಪಗಳು, 201ರಿಂದ 216ರವರೆಗಿನವು ತಯಾರಿಕಾ ಸರಣಿ. ಈ ಸರಣಿಯ ಬೆಸ ಸಂಖ್ಯೆಗಳು ಫ್ರಾನ್ಸಿನ ಟೂಲೂಸ್‌ನಲ್ಲಿ, ಸಮ ಸಂಖ್ಯೆಗಳು ಇಂಗ್ಲೆಂಡಿನ ಫಿಲ್ಟನ್‌ನಲ್ಲಿ ಜೋಡಣೆಯಾದವು. 101, 102ಕ್ಕೆ ಈ ಲೆಕ್ಕ ಹಚ್ಚಬೇಡಿ, ಅಲ್ಲಿ ಅದು ತಿರುವುಮುರುವು: 101 ಫಿಲ್ಟನ್‌ನದು, 102 ಟೂಲೂಸ್‌ನದು. 201, 202 ಪರೀಕ್ಷೆಗಷ್ಟೇ ಉಳಿದವು. ಮಿಕ್ಕ 14ರಲ್ಲಿ ಏರ್ ಫ್ರಾನ್ಸ್‌ಗೆ 7, ಬ್ರಿಟಿಷ್ ಏರ್‌ವೇಸ್‌ಗೆ 7.

ಎರಡನೇ ಕಾಲಂನಲ್ಲಿ ನೋಂದಣಿ. ಒಂದು ವಿಮಾನಕ್ಕೆ ಒಂದೇ ಹೆಸರು ಎಂದುಕೊಳ್ಳದೆ ಪ್ರತಿ ಸಾಲಿನಲ್ಲೂ ಮೂರ್ನಾಲ್ಕು ಹೆಸರಿಗೆ ಜಾಗ ಬಿಡಿ. ಬ್ರಿಟಿಷ್ ವಿಮಾನಗಳ ಅಕ್ಷರಕ್ರಮವೇ ತಯಾರಿಕೆಯ ಕ್ರಮ ಎಂದು ನಂಬಿದರೆ ಪಟ್ಟಿ ಕೆಡುತ್ತದೆ. ಮೊದಲು ತಯಾರಾದ 204ಕ್ಕೆ ಬ್ರಿಟಿಷ್ ಏರ್‌ವೇಸ್‌ಗೂ ಹಿಂದಿನ ಸಂಸ್ಥೆಯಾದ ಬಿಒಎಸಿಯ ಹೆಸರು ಮೂಡಲೆಂದು ಜಿ-ಬಿಒಎಸಿ ಎಂಬ ಅಕ್ಷರಗಳು ಬಂದವು. ಜಿ-ಬಿಒಎಎ ಅದರ ನಂತರದ 206. ಕೊನೆಯ ಎರಡಂತೂ ಮೊದಲು ಬೇರೆ ಹೆಸರಲ್ಲೇ ಹಾರಿದವು: 214 ಜಿ-ಬಿಎಫ್‌ಕೆಡಬ್ಲ್ಯೂ, 216 ಜಿ-ಬಿಎಫ್‌ಕೆಎಕ್ಸ್. ಆಮೇಲೆ 214 ಜಿ-ಬಿಒಎಜಿ ಆಯಿತು, 216 ಜಿ-ಬಿಒಎಎಫ್ ಆಯಿತು. ಕೊನೆಯದಕ್ಕೆ ಎಫ್, ಅದರ ಹಿಂದಿನದಕ್ಕೆ ಜಿ!

1979–80ರ ಫೋಟೊಗಳಲ್ಲಿ ಎನ್ ಅಕ್ಷರದ ಅಮೆರಿಕನ್ ನೋಂದಣಿ ಕಂಡರೆ ವಿಮಾನ ಅಮೆರಿಕಕ್ಕೆ ಮಾರಾಟವಾಗಿತ್ತು ಎಂದು ಬರೆದುಬಿಡಬೇಡಿ. ವಾಷಿಂಗ್ಟನ್–ಡಲ್ಲಾಸ್ ನಡುವೆ ಅಮೆರಿಕದ ಬ್ರಾನಿಫ್ ವಿಮಾನಯಾನ ಸಂಸ್ಥೆ ಬಾಡಿಗೆಗೆ ಹಾರಿಸಿದ ಕಾಲವದು, ಅದೂ ಶಬ್ದದ ವೇಗಕ್ಕಿಂತ ಕಡಿಮೆ ವೇಗದಲ್ಲಿ. ಬ್ರಿಟಿಷ್ ವಿಮಾನಗಳಿಗೆ ಆಗ ಜಿ-ಎನ್94 ಮಾದರಿಯ ಹೆಸರಿತ್ತು. ವಾಷಿಂಗ್ಟನ್‌ನಲ್ಲಿ ಆರಂಭದ ಜಿ ಮೇಲೆ ಟೇಪ್ ಅಂಟಿಸಿದರೆ ಅದೇ ಅಮೆರಿಕನ್ ನೋಂದಣಿ.

ಬಣ್ಣವನ್ನು ಕಾಲ ನಿರ್ಧರಿಸಲು ಬಳಸಿ, ಗುರುತಿಸಲು ಬೇಡ. 210ರ ಎಡಬದಿಗೆ ಸಿಂಗಾಪುರ್ ಏರ್‌ಲೈನ್ಸ್ ಬಣ್ಣ, ಬಲಬದಿಗೆ ಬ್ರಿಟಿಷ್ ಏರ್‌ವೇಸ್ ಬಣ್ಣ ಇದ್ದದ್ದುಂಟು. ಎರಡು ಬದಿಯ ಎರಡು ಚಿತ್ರ ಸಿಕ್ಕಿದವರು ಅದನ್ನು ಎರಡು ವಿಮಾನವಾಗಿ ಎಣಿಸಿಬಿಡುತ್ತಾರೆ. ನೀಲಿ ಪೆಪ್ಸಿ ಬಣ್ಣ ಕಂಡರೆ ಅದು 213, ವರ್ಷ 1996.

ಅಕ್ಷರ ಕಾಣದ ಹಳೆಯ ಚಿತ್ರವಾದರೆ ಮೂತಿ, ಬಾಲ ನೋಡಿ. ಕಾಕ್‌ಪಿಟ್ ಗಾಜನ್ನು ಮುಂದಿನಿಂದ ಮುಚ್ಚುವ ಮುಸುಕು ಲೋಹದ್ದಾಗಿದ್ದು ಎರಡೇ ಪುಟ್ಟ ಕಿಟಕಿ ಇದ್ದರೆ ಅದು 001 ಅಥವಾ 002. ಗಾಜಿನ ಮುಸುಕಿದ್ದೂ ಬಾಲ ಮೊಟಕಾಗಿದ್ದರೆ 101. ಉದ್ದದ ಚೂಪು ಬಾಲ ಬಂದದ್ದು 102ರಿಂದ ಮುಂದೆ.

ಹಾರಾಟದ ಗಂಟೆ, ಇಳಿದ ಸಲ, ಶಬ್ದಾತೀತ ಹಾರಾಟ, ಇವು ಮೂರು ಬೇರೆ ಬೇರೆ ಲೆಕ್ಕ. ಒಂದೇ ಕಾಲಂನಲ್ಲಿ ಬೆರೆಸಿದರೆ ವಿಮಾನಗಳ ಹೋಲಿಕೆಯೇ ಸುಳ್ಳಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಮುಂದಿರುವುದು 210, ಒಟ್ಟು 23,397 ಗಂಟೆ. ಆದರೆ ಪ್ರತಿ ಹಾರಾಟದಲ್ಲೂ ಮೈ ಕಾದು ಹಿಗ್ಗಿ, ತಣಿದು ಕುಗ್ಗುತ್ತಿದ್ದುದರಿಂದ ಗಂಟೆಯೊಂದರಿಂದಲೇ ಸವೆತ ತಿಳಿಯದು. ಅದಕ್ಕೇ ರಚನೆಯ ಆಯುಸ್ಸನ್ನು ಹಾರಾಟಗಳಲ್ಲಿ ಎಣಿಸಿದರು: ಮೊದಲು 6,700 ಪ್ರಮಾಣಿತ ಹಾರಾಟ, ಆಮೇಲೆ 8,500ಕ್ಕೆ ಏರಿಕೆ.

ಕೊನೆಯ ಹಾರಾಟದ ಕಾಲಂ ತುಂಬುವಾಗ ಎಚ್ಚರ ಬೇಕು. ಸೇವೆ ನಿಂತದ್ದು 2003ರಲ್ಲಿ ನಿಜ, ಏರ್ ಫ್ರಾನ್ಸ್‌ನದು ಮೇ 31ರಂದು, ಬ್ರಿಟಿಷ್ ಏರ್‌ವೇಸ್‌ನದು ಅಕ್ಟೋಬರ್ 24ರಂದು. ಆದರೆ ಎಲ್ಲ ವಿಮಾನಕ್ಕೂ 2003 ಎಂದು ಬರೆದರೆ ತಪ್ಪು. 211 ಹಾರಾಟ ನಿಲ್ಲಿಸಿದ್ದು 1982ರಲ್ಲಿ. ಬಿಡಿಭಾಗಕ್ಕೆ ಬಳಕೆಯಾಗಿ 1994ರಲ್ಲಿ ಅದನ್ನು ಒಡೆದುಹಾಕಿದರು. 2000ದ ಜುಲೈ 25ರಂದು ಪ್ಯಾರಿಸ್ ಬಳಿಯ ಗೊನೆಸ್‌ನಲ್ಲಿ 203 ಉರುಳಿ 113 ಮಂದಿ ಸತ್ತರು. ಆ ಮೇಲೆ ಉಳಿದ ವಿಮಾನಗಳ ಇಂಧನದ ಟ್ಯಾಂಕ್‌ಗಳಿಗೆ ಕೆವ್ಲಾರ್ ಎಂಬ ಗಟ್ಟಿ ನಾರಿನ ಪದರ, ಹೊಸ ಟೈರ್ ಕೊಟ್ಟು 2001ರ ನವೆಂಬರ್ 7ರಂದು ಮತ್ತೆ ಸೇವೆಗೆ ತಂದರು. 206, 208, 215 ಮಾತ್ರ ಪ್ರಯಾಣಿಕ ಸೇವೆಗೆ ಮರಳಲೇ ಇಲ್ಲ. ಅವುಗಳ ಸಾಲಿನಲ್ಲಿ ಸೇವೆಯ ಕೊನೆ 2000.

ಕಡೆಯ ಕಾಲಂ, ಈಗಿರುವ ಜಾಗ. ಉಳಿದಿರುವುದು 18. 205 ವಾಷಿಂಗ್ಟನ್ ಬಳಿಯ ಉಡ್ವಾರ್-ಹೇಜಿ ವಿಮಾನ ಸಂಗ್ರಹಾಲಯದಲ್ಲಿದೆ, 207 ಜರ್ಮನಿಯ ಜಿನ್ಸ್‌ಹೈಮ್‌ನಲ್ಲಿ, 210 ನ್ಯೂಯಾರ್ಕ್‌ನಲ್ಲಿ, 212 ಬಾರ್ಬಡೋಸ್‌ನಲ್ಲಿ, 214 ಸಿಯಾಟಲ್‌ನಲ್ಲಿ. 208 ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ ಬಿಟ್ಟು ಹೋಗಲಿಲ್ಲ. ಸ್ಕಾಟ್ಲೆಂಡ್‌ನ ಈಸ್ಟ್ ಫಾರ್ಚೂನ್‌ಗೆ 206 ಹಾರಿಕೊಂಡು ಹೋಗಲಿಲ್ಲ. ರೆಕ್ಕೆ ಕತ್ತರಿಸಿ ನೀರಿನ ಮೇಲೆ, ರಸ್ತೆಯ ಮೇಲೆ ಸಾಗಿಸಿ ಅಲ್ಲಿ ಮತ್ತೆ ಜೋಡಿಸಿದರು. 2003ರ ನವೆಂಬರ್ 26ರಂದು ಹೀಥ್ರೂನಿಂದ ಫಿಲ್ಟನ್‌ಗೆ ಹಾರಿದ 216, ತಾನು ತಯಾರಾದ ಜಾಗದಲ್ಲೇ ಇಳಿದು ಅಲ್ಲೇ ನಿಂತಿದೆ.