ಚೆಕ್‌ರೋಲ್ ಪುಸ್ತಕ ಇಟ್ಟುಕೊಂಡು ಬಿಬಿಎ ಪಾಠ: ನನ್ನ ಅನುಭವ

ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ಬಿಬಿಎ ವಿದ್ಯಾರ್ಥಿಗಳಿಗೆ ಮಾರುಕಟ್ಟೆ ನಿರ್ವಹಣೆ, ನಿರ್ವಹಣಾ ತತ್ತ್ವಗಳು ಮತ್ತು ಮಾಹಿತಿ ವ್ಯವಸ್ಥೆ ಎಂಬ ಮೂರು ಪತ್ರಿಕೆಗಳನ್ನು ಹಲವು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮೊದಲ ಕೆಲವು ವರ್ಷ ನಾನು ಮಾಡಿದ್ದು ನೋಟ್ಸ್ ಬರೆಸುವ ಕೆಲಸವಷ್ಟೆ. ಉದಾಹರಣೆಗಳೆಲ್ಲ ಮಹಾನಗರದ ಸಾಬೂನು, ಟೂತ್‌ಪೇಸ್ಟ್, ಕಾರುಗಳದ್ದೇ ಆಗಿದ್ದವು. ಜನವರಿ ಬಂದರೆ ರೊಬಸ್ಟಾ ಕಾಫಿಯ ಕೊಯ್ಲಿನಿಂದಾಗಿ ಅರ್ಧ ತರಗತಿ ಖಾಲಿಯಾಗುತ್ತಿತ್ತು. ನಾನು ಹಾಜರಾತಿ ಕೊರತೆಯ ನೋಟಿಸ್ ಹಾಕುತ್ತಿದ್ದೆ.

ಅಂಥ ಒಂದು ನೋಟಿಸಿಗೆ ಉತ್ತರವಾಗಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮನೆಯ ತೂಕದ ಪುಸ್ತಕವನ್ನೇ ತಂದು ಮೇಜಿನ ಮೇಲಿಟ್ಟಳು. "ರೈಟರ್ ಊರಿಗೆ ಹೋಗಿದ್ದಾರೆ ಸರ್, ಸಂಜೆ ತೂಕ ನಾನೇ ಬರೆಯಬೇಕು" ಎಂದಳು. ರೈಟರ್ ಎಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ. ಉದ್ದನೆಯ ಲೆಡ್ಜರ್, ಒಂದು ಕಡೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ, ಇನ್ನೊಂದು ಕಡೆ ಯಾರು ಎಷ್ಟು ಕೆ.ಜಿ. ಹಣ್ಣು ಕೊಯ್ದರು, ಎಷ್ಟು ಮುಂಗಡ ಪಡೆದರು ಎಂಬ ಲೆಕ್ಕ. ಪುಟ ತಿರುಗಿಸುತ್ತಿದ್ದಂತೆ ಒಬ್ಬಳೇ ಕೆಲಸಗಾರ್ತಿಯ ಹೆಸರು ಮೂರು ಬಗೆಯ ಕಾಗುಣಿತದಲ್ಲಿ ಬಂದಿರುವುದೂ, ಅದೇ ಹೆಸರಿನ ಬೇರೊಬ್ಬಳು ಇನ್ನೊಂದು ಲೈನ್‌ಮನೆಯಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಇರುವುದೂ ತಿಳಿಯಿತು. ಒಬ್ಬಳ ಮುಂಗಡವನ್ನು ಇನ್ನೊಬ್ಬಳ ಬಟವಾಡೆಯಲ್ಲಿ ಹಿಡಿದಿದ್ದರು.

ಮರುದಿನದ ಮಾಹಿತಿ ವ್ಯವಸ್ಥೆಯ ತರಗತಿಯನ್ನು ಆ ಪುಟದಿಂದಲೇ ಆರಂಭಿಸಿದೆ. 1970ರಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಗರ್ ಕಾಡ್ ರಿಲೇಶನಲ್ ಡೇಟಾಬೇಸಿನ ಮಾದರಿಯನ್ನು ಮಂಡಿಸಿದರು ಎಂದು ನಾನು ಪ್ರತಿ ವರ್ಷ ಬರೆಸುತ್ತಿದ್ದೆನಾದರೂ, ಹೆಸರನ್ನು ನಂಬದೆ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಏಕೆ ಬೇಕು, ಆಳಿನ ವಿವರ, ದಿನದ ತೂಕ ಮತ್ತು ಮುಂಗಡವನ್ನು ಮೂರು ಬೇರೆ ಕೋಷ್ಟಕಗಳಲ್ಲಿ ಇಟ್ಟು ಆ ಸಂಖ್ಯೆಯಿಂದಲೇ ಏಕೆ ಜೋಡಿಸಬೇಕು ಎಂಬುದು ವಿದ್ಯಾರ್ಥಿಗಳಿಗೆ ಹೊಳೆದದ್ದು ತಪ್ಪಾಗಿ ಹಿಡಿದ ಆ ಮುಂಗಡವನ್ನು ಕಂಡ ಮೇಲೆ. ದಿನದ ತೂಕ ಬರೆಯುವುದು ವ್ಯವಹಾರ ದಾಖಲೆಯ ವ್ಯವಸ್ಥೆ. ಅದೇ ಅಂಕಿಗಳಿಂದ ತೋಟದ ಯಾವ ಬ್ಲಾಕಿನಲ್ಲಿ (ಭಾಗದಲ್ಲಿ) ಒಂದು ಆಳಿಗೆ ಸರಾಸರಿ ಎಷ್ಟು ಕೆ.ಜಿ. ಬರುತ್ತಿದೆ ಎಂದು ವಾರಕ್ಕೊಮ್ಮೆ ತೋಟದ ಯಜಮಾನರಿಗೆ ತೋರಿಸುವುದು ನಿರ್ವಹಣಾ ಮಾಹಿತಿ ವ್ಯವಸ್ಥೆ. ಈ ವ್ಯತ್ಯಾಸಕ್ಕೆ ಮುಂದೆ ನಾನು ವ್ಯಾಖ್ಯಾನ ಬರೆಸಬೇಕಾಗಲಿಲ್ಲ.

ನಿರ್ವಹಣಾ ತತ್ತ್ವಗಳ ಪತ್ರಿಕೆಗೆ ಇಷ್ಟು ಶ್ರಮವೂ ಬೇಕಾಗಲಿಲ್ಲ. ಹೆನ್ರಿ ಫಯೋಲ್ 1916ರಲ್ಲಿ ಹೇಳಿದ ಹದಿನಾಲ್ಕು ತತ್ತ್ವಗಳಲ್ಲಿ ಆಜ್ಞೆಯ ಏಕತೆ, ಅಂದರೆ ಒಬ್ಬ ಕೆಲಸಗಾರನಿಗೆ ಒಬ್ಬನೇ ಮೇಲಿನವನಿಂದ ಆಜ್ಞೆ ಬರಬೇಕು ಎಂಬುದೂ ಒಂದು. ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಮೋಡ ಕಂಡು ಮುಚ್ಚಿರೆಂದು ಮೇಸ್ತ್ರಿಯೂ, ಇನ್ನಷ್ಟು ಬಿಸಿಲು ಬೀಳಲಿ ಎಂದು ಯಜಮಾನರ ಮಗನೂ ಹೇಳಿ, ಕೊನೆಗೆ ಎಲ್ಲವೂ ನೆನೆದುಹೋದ ಪ್ರಸಂಗವನ್ನು ಒಬ್ಬ ಹುಡುಗ ವಿವರಿಸಿದ. ಆ ಮಗ ತಾನೇ ಎಂಬುದನ್ನು ಅವನು ಕೊನೆಯಲ್ಲಿ ಒಪ್ಪಿಕೊಂಡ.

ಮಾರುಕಟ್ಟೆ ನಿರ್ವಹಣೆಯಲ್ಲಿ ಎಡವಿದ್ದು ನಾನೇ. ನಮ್ಮ ಜಿಲ್ಲೆಯಲ್ಲಿ ಈ ವಿಷಯಕ್ಕೆ ವಯಸ್ಸು ಕಡಿಮೆ. 1942ರ ಕಾಯಿದೆಯ ಕಾಲದಿಂದ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೆ, ಒಪ್ಪಿಸುತ್ತಿದ್ದರು. ಮಾರುವ ಚಿಂತೆ ಮಂಡಳಿಯದ್ದಾಗಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಮಾರಾಟ ಮುಕ್ತವಾದ ಮೇಲೆಯೇ ಬೆಳೆಗಾರನು ತಾನಾಗಿ ಖರೀದಿದಾರನನ್ನು ಹುಡುಕಬೇಕಾಯಿತು. ಈ ಹಿನ್ನೆಲೆಯನ್ನು ಹೇಳಿ, ಸರಕು, ಬೆಲೆ, ಸ್ಥಳ, ಪ್ರಚಾರ ಎಂಬ ನಾಲ್ಕನ್ನೂ ಮಾಡಿಯೇ ಕಲಿಯಿರಿ ಎಂದು ಕಾಫಿ ಪುಡಿ ಮಾರುವ ಪ್ರಾಜೆಕ್ಟ್ ಕೊಟ್ಟೆ.

ವಿದ್ಯಾರ್ಥಿಗಳು ಒಂದು ಮೂಟೆ, ಅಂದರೆ 50 ಕೆ.ಜಿ. ರೊಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಕೊಂಡು, ಹಲ್ಲಿಂಗ್ (ಸಿಪ್ಪೆ ತೆಗೆಯುವ) ಮತ್ತು ಹುರಿಯುವ ಖರ್ಚನ್ನು ಕೂಡಿಸಿ, ಒಟ್ಟು ಮೊತ್ತವನ್ನು 50ರಿಂದ ಭಾಗಿಸಿ ಕೆ.ಜಿ.ಯ ಅಸಲು ಬೆಲೆ ತೆಗೆದಿದ್ದರು. ನಾನು ಹಾಳೆಯ ಮೇಲೆ ಕಣ್ಣಾಡಿಸಿ ಸಹಿ ಹಾಕಿದೆ. ಮೂಟೆಯ ಔಟ್‌ಟರ್ನ್ 27, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಕ್ಕ ಬೀಜ 27 ಕೆ.ಜಿ.; ಹುರಿದಾಗ ತೇವ ಆರಿ ಉಳಿದದ್ದು ಸುಮಾರು 22. ನಿಜವಾದ ಅಸಲು ನಾವು ಬರೆದುಕೊಂಡಿದ್ದರ ಎರಡು ಪಟ್ಟಿಗೂ ಮಿಗಿಲು. ಕಾಲೇಜಿನ ಮೇಳದಲ್ಲಿ ಪೊಟ್ಟಣಗಳು ಮಧ್ಯಾಹ್ನದೊಳಗೆ ಖಾಲಿಯಾದಾಗ ನಾವು ಹಿಗ್ಗಿದ್ದೆವು; ಸಂಜೆ ಹಣ ಎಣಿಸಿದಾಗ ಮೂಟೆಯ ದುಡ್ಡೂ ಹುಟ್ಟಿರಲಿಲ್ಲ. ಕೊರತೆಯನ್ನು ನಾನೇ ತುಂಬಿಕೊಟ್ಟೆ. ಔಟ್‌ಟರ್ನ್ ಎಂಬ ಮಾತು ತರಗತಿಯ ಬಹುತೇಕ ಮಕ್ಕಳ ಮನೆಯಲ್ಲಿ ನಿತ್ಯ ಕೇಳಿಬರುವಂಥದ್ದು. ಆದರೂ ಲೆಕ್ಕದ ಹಾಳೆಗೆ ಅದನ್ನು ತರಬೇಕೆಂದು ಯಾರಿಗೂ ತೋಚದಿದ್ದುದಕ್ಕೆ, ಕಾಲೇಜಿನ ವಿದ್ಯೆ ಬೇರೆ, ತೋಟದ ವಿದ್ಯೆ ಬೇರೆ ಎಂಬಂತೆ ನಾನು ಪಾಠ ಮಾಡಿದ್ದೇ ಕಾರಣ.

ಮುಂದಿನ ವರ್ಷದಿಂದ ಮೂರು ಪತ್ರಿಕೆಗಳಿಗೂ ಒಂದೇ ಮೂಟೆಯನ್ನು ಇಟ್ಟುಕೊಂಡೆ. ಅದರ ಕೊಯ್ಲಿನ ದಾಖಲೆ ಮಾಹಿತಿ ವ್ಯವಸ್ಥೆಗೆ, ಕೆಲಸದ ಹಂಚಿಕೆ ನಿರ್ವಹಣೆಗೆ, ಪೊಟ್ಟಣದ ಬೆಲೆ ಮತ್ತು ಲೇಬಲ್ ಮಾರುಕಟ್ಟೆಗೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂಬ ನಿಯಮವೂ ಲೇಬಲ್ ಬರೆಯುವಾಗಲೇ ಚರ್ಚೆಗೆ ಬರುತ್ತದೆ. ಜನವರಿಯಲ್ಲಿ ಮನೆಯ ತೂಕದ ಪುಸ್ತಕವನ್ನು ಸರಿಯಾಗಿ ಬರೆದು ತಂದವರಿಗೆ ಅದನ್ನೇ ಅಸೈನ್‌ಮೆಂಟ್ ಎಂದು ಪರಿಗಣಿಸಿ ಆಂತರಿಕ ಅಂಕ ಕೊಡುತ್ತೇನೆ. ಗ್ರಾಹಕ ವರ್ತನೆಯ ಮಾದರಿಗಳನ್ನು ಮಾತ್ರ ಇಂದಿಗೂ ನೋಟ್ಸ್ ಬರೆಸಿಯೇ ಮುಗಿಸುತ್ತಿದ್ದೇನೆ. ಅದಕ್ಕೆ ಒದಗುವ ಪುಸ್ತಕ ಇನ್ನೂ ಯಾರ ಮನೆಯಿಂದಲೂ ಬಂದಿಲ್ಲ.