ಇನ್‌ಸ್ಟಾಲ್ ಆಯ್ತು, ಪರದೆ ಕಪ್ಪು!

ಭಾವನ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ರೀಸ್ಟಾರ್ಟ್ ಮಾಡಿದೆ, ಪರದೆ ಕಾಡಿಗೆಗಪ್ಪು. "ಇದ್ದದ್ದೂ ಹೋಯ್ತಾ?" ಅಂದ. ಹೋಗಿರಲಿಲ್ಲ, ಪರದೆಗೆ ಚಿತ್ರ ಕಳಿಸುವ ತಂತ್ರಾಂಶ, ಅಂದರೆ ಗ್ರಾಫಿಕ್ಸ್ ಡ್ರೈವರ್, ಹೊಂದಿಕೆಯಾಗಿರಲಿಲ್ಲ ಅಷ್ಟೇ. ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ, ಸಂಜೆಯಿಡೀ ದಂಡ.

ಆನ್ ಮಾಡುತ್ತಲೇ ಶಿಫ್ಟ್ ಒತ್ತಿ ಹಿಡಿಯಿರಿ. ಹಳೇ ಬಯೋಸ್ ಬದಲಿಗೆ ಬಂದ ಯುಇಎಫ್‌ಐ ಇರುವ ಯಂತ್ರವಾದರೆ ಎಸ್ಕೇಪ್ ಒಮ್ಮೆ ತಟ್ಟಿ. ಲಿನಕ್ಸ್ ಶುರುವಾಗುವ ಮುನ್ನ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಎಂದು ಶುರುವಾಗುವ ಸಾಲಿನ ತುದಿಗೆ ಸ್ಪೇಸ್ ಬಿಟ್ಟು ನೋ, ಮೋಡ್, ಸೆಟ್ ಮೂರನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಕೂಡಿಸಿ ಬರೆದು ಎಫ್10 ಒತ್ತಿ. ಚಿತ್ರ ಒರಟಾಗಿಯಾದರೂ ಬಂದೀತು. ಇದು ಒಂದೇ ಬೂಟಿಗೆ. ಹಾಗಾಗಿ ಉಬುಂಟುವಿನಲ್ಲಾದರೆ ಆಗಲೇ 'ಅಡಿಷನಲ್ ಡ್ರೈವರ್ಸ್' ತೆರೆದು ಸರಿಯಾದ ಡ್ರೈವರ್ ಹಾಕಿ. ಸಹಿಯಿರುವ ತಂತ್ರಾಂಶವನ್ನಷ್ಟೇ ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಹೊಸದೊಂದು ಪಾಸ್‌ವರ್ಡ್ ಇಡಲು ಕೇಳುತ್ತದೆ. ಮುಂದಿನ ಬೂಟಿನ ನೀಲಿ ಪರದೆಯಲ್ಲಿ 'ಎನ್‌ರೋಲ್ ಮಾಕ್' ಆರಿಸಿ ಅದನ್ನೇ ಕೊಡಿ. ನಾನು ಗಡಿಬಿಡಿಯಲ್ಲಿ 'ಕಂಟಿನ್ಯೂ ಬೂಟ್' ಒತ್ತಿ ಮೊದಲಿಂದ ಮಾಡಬೇಕಾಯ್ತು.